ಹಳೆ ಕಾರಿಗೆ ಮನೆಮಂದಿಯ ಆರೈಕೆ

ಕೊಯಮತ್ತೂರಿನ ಗಾಂಧಿಪುರಂಗೆ ಹೋದವರು ಅವಿನಾಶಿ ರಸ್ತೆಯ ಹಳೆ ಕಾರುಗಳ ಸಂಗ್ರಹಾಲಯವನ್ನೂ ನೋಡಿ ಬರಬೇಕು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಬಸ್ಸಿನಿಂದ ಉದ್ಯಮ ಆರಂಭಿಸಿದ ಜಿ.ಡಿ. ನಾಯ್ಡು ಅವರ ಕುಟುಂಬದವರು ಅದನ್ನು 2015ರಲ್ಲಿ ತೆರೆದರು.

ನೋಡಿದ ಹುಮ್ಮಸ್ಸಿನಲ್ಲಿ ಮನೆಯಲ್ಲೇ ಹಳೆ ಇಂಗ್ಲಿಷ್ ಕಾರಿಗೆ ಜೀವ ಕೊಡಹೊರಡುವವರಿಗೆ ಒಂದು ಮಾತು. 1945ರಿಂದ 1949ರ ವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರಿನ ತಗಡಿನೊಳಗೆ ಇರುವುದು ಮರದ ಚೌಕಟ್ಟು. ಅದು ಕುಂಬಾಗಿದ್ದರೆ ಬಣ್ಣ ಬಳಿದು ಫಲವಿಲ್ಲ. ಬಾಗಿಲು ಸರಿಯಾಗಿ ಕೂರದು. ಇಂಜಿನಿನ ಬೋಲ್ಟುಗಳ ತಲೆ ವಿಟ್‌ವರ್ತ್ ಅಳತೆಯದು, ಪಿರಿ ಮಾತ್ರ ಮಿಲಿಮೀಟರಿನದು. ಸಿಕ್ಕಿದ ಬೋಲ್ಟು ತುರುಕಿದರೆ ಪಿರಿ ಕೆಟ್ಟಿತು.

ಆದ್ದರಿಂದ ಬಿಚ್ಚಿದ್ದನ್ನೆಲ್ಲ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸುವ ಕೆಲಸ ಮಕ್ಕಳದಾಗಲಿ. ಮರಕ್ಕೆ ಬಡಗಿ, ಕಬ್ಬಿಣಕ್ಕೆ ಲೇತಿನವರು. ಕಾರು ಬೀದಿಗಿಳಿಯುವುದು ತಡವಾದೀತು. ಕಲಿತ ಕೆಲಸ ಮನೆಯಲ್ಲೇ ಉಳಿಯುತ್ತದೆ.