ಅಲೆ ಇಲ್ಲದ ಕಡೆ ಇಳಿಯಬೇಡಿ

ಘಟ್ಟದ ಮೇಲಿನ ನೆಂಟರು ಮಂಗಳೂರಿಗೆ ಬಂದರೆ, ತಟ್ಟೆಯ ಗೋಳಿಬಜೆ ಮುಗಿಯುವುದರೊಳಗೆ ಕಾರಿನ ಕೀಲಿ ಕೈಯಲ್ಲಿರುತ್ತದೆ. ಪಣಂಬೂರು, ಸೋಮೇಶ್ವರ, ಪಿಲಿಕುಳ, ಮರುದಿನ ಮಲ್ಪೆ. ಜಾಗಗಳ ಪಟ್ಟಿ ಸರಿಯಾಗಿಯೇ ಇರುತ್ತದೆ. ತಕರಾರು ಇರುವುದು ಜೊತೆಗೆ ಕಟ್ಟಿಕೊಂಡು ಬರುವ ನಂಬಿಕೆಗಳಲ್ಲಿ.

ಮೊದಲನೆಯದು ಜೀವಕ್ಕೇ ಕುತ್ತು ತರುವಂಥದ್ದು. "ಅಗೋ, ಅಲ್ಲಿ ಅಲೆಯೇ ಇಲ್ಲ, ಮಕ್ಕಳನ್ನು ಅಲ್ಲಿ ಇಳಿಸೋಣ" ಎನ್ನುತ್ತಾರೆ. ಎರಡೂ ಬದಿ ನೊರೆಯೆದ್ದು, ನಡುವೆ ಒಂದು ಪಟ್ಟಿ ಮಾತ್ರ ಸಪ್ಪಗೆ ಮಲಗಿದ್ದರೆ ಅದು ಬಹುಮಟ್ಟಿಗೆ ರಿಪ್ ಕರೆಂಟ್. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ? ನೀರೊಳಗಿನ ಮರಳದಿಬ್ಬ ಎಲ್ಲಿ ಕಡಿದಿದೆಯೋ ಅಲ್ಲಿಂದ ಅದು ನುಗ್ಗಿ ಹೋಗುತ್ತದೆ. ಅಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದಿಲ್ಲ. ಎರಡು ನಿಮಿಷ ನಿಂತು ನೋಡಿ: ನೀರು ಕೆಸರು ಬಣ್ಣಕ್ಕಿರುತ್ತದೆ, ನೊರೆ, ಕಸಕಡ್ಡಿ ದಡಕ್ಕೆ ಬರುವ ಬದಲು ಕಡಲಿನತ್ತ ಸಾಗುತ್ತಿರುತ್ತವೆ.

ಈ ಸೆಳೆತ ಕಾಲು ಹಿಡಿದು ತಳಕ್ಕೆ ಎಳೆಯುತ್ತದೆ ಎಂಬುದೂ ತಪ್ಪು. ಅದು ಎಳೆಯುವುದು ಆಚೆಗೆ, ಕೆಳಗಲ್ಲ. ಜನ ಮುಳುಗುವುದು ಹೆಚ್ಚಾಗಿ ಗಾಬರಿಯಲ್ಲಿ ಅದಕ್ಕೆ ಎದುರಾಗಿ ಈಜಿ ಸುಸ್ತಾಗಿ. ಸಿಕ್ಕಿಬಿದ್ದರೆ ತೇಲುತ್ತ ಕೈ ಎತ್ತಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಕಡೆಯಿಂದ ಹೊರಬರಬೇಕು. ಮಳೆಗಾಲದಲ್ಲಿ ಇದಾವ ಲೆಕ್ಕಾಚಾರವೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೇ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಮೀನು ಮರಿಮಾಡುವ ಕಾಲವೆಂಬುದು ಅದಕ್ಕೊಂದು ಕಾರಣ, ಕಡಲಿನ ಸಿಟ್ಟು ಇನ್ನೊಂದು.

ಕೈರಂಪಣಿ ಬಲೆ ಎಳೆದ ಮೇಲೆ ಮರಳಲ್ಲಿ ಕೆಲವೊಮ್ಮೆ ಹಾವು ಬಿದ್ದಿರುತ್ತದೆ. "ನೀರು ಹಾವು, ವಿಷ ಇಲ್ಲ" ಎಂದು ಕಾಲಲ್ಲಿ ತಿವಿಯುವವರನ್ನು ಕಂಡಿದ್ದೇನೆ. ಕೆರೆಯ ಒಳ್ಳೆ ಹಾವಿಗೆ ಸಲ್ಲುವ ಮಾತು ಕಡಲಿಗೆ ಸಲ್ಲದು. ಬಾಲ ಹುಟ್ಟಿನ ಹಾಗೆ ಚಪ್ಪಟೆಯಾಗಿದ್ದರೆ ಅದು ಕಡಲ ಹಾವು. ಅವುಗಳಲ್ಲಿ ಬಹುತೇಕ ಎಲ್ಲವೂ ವಿಷದವು, ಕೆಲವು ನಾಗರಕ್ಕೂ ಮಿಗಿಲು.

ಇನ್ನು ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹೆಸರು ಕೇಳಿ, ಕಾಡಿನ ಹುಲಿ ನೀರಿಗೆ ಬರುವುದನ್ನು ನೋಡಬಹುದು ಎಂದುಕೊಂಡು ಬರುವವರಿದ್ದಾರೆ. ಈಗ ಹುಲಿ ಇರುವುದು ಅಲ್ಲಿನ ಮೃಗಾಲಯದ ಆವರಣದಲ್ಲಿ. ನನ್ನನ್ನು ಕೇಳಿದರೆ, ಹುಲಿಗಿಂತ ಹೆಚ್ಚು ಹೊತ್ತು ಕಾಳಿಂಗ ಸರ್ಪದ ಮುಂದೆ ನಿಲ್ಲಿ. ಪಿಲಿಕುಳಕ್ಕೆ ಹೆಸರು ಬಂದಿರುವುದು ಅದರ ಸಂತಾನಾಭಿವೃದ್ಧಿಯಿಂದಲೂ ಹೌದು.

ಕಾಳಿಂಗವೆಂದರೆ ದೊಡ್ಡ ನಾಗರಹಾವು ಎಂದೇ ಜನ ತಿಳಿದಿರುವುದು. ಅಲ್ಲ. ಅದರ ಕುಲವೇ ಬೇರೆ, ಊಟವೂ ಬೇರೆ: ಅದು ಮುಖ್ಯವಾಗಿ ತಿನ್ನುವುದು ಹಾವುಗಳನ್ನೇ. ತೋಟದಲ್ಲಿ ಕೇರೆಯ ಬೆನ್ನು ಹತ್ತಿ ಮನೆಯಂಗಳದವರೆಗೆ ಬರುವುದು ಮಲೆನಾಡಿನವರಿಗೆ ಹೊಸತಲ್ಲ. ಹೆಣ್ಣು ಮೈಯ ಸುರುಳಿಯಿಂದ ತರಗೆಲೆ ಬಾಚಿ ಗುಡ್ಡೆ ಹಾಕಿ, ಅದರೊಳಗೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಹೀಗೆ ಗೂಡು ಕಟ್ಟುವ ಹಾವು ಬೇರೊಂದಿಲ್ಲ. ಏಷ್ಯಾದ ಉದ್ದಕ್ಕೂ ಇರುವುದು ಒಂದೇ ಕಾಳಿಂಗ ಎಂಬ ವಿಜ್ಞಾನಿಗಳ ನಂಬಿಕೆಯೂ 2024ರಲ್ಲಿ ಬಿತ್ತು. ಪಶ್ಚಿಮಘಟ್ಟದ್ದು ಬೇರೆಯೇ ಪ್ರಭೇದವೆಂದು ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿ, ಒಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ನಮ್ಮ ಅಜ್ಜಿಯರ ಬಾಯಲ್ಲಿದ್ದ ಪದ ಹಾಗೇ ವೈಜ್ಞಾನಿಕ ಹೆಸರಾಗಿ ಕೂತಿತು. ಅಂದ ಹಾಗೆ, ಮೃಗಾಲಯಕ್ಕೆ ಸೋಮವಾರ ರಜೆ.

ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು, ಆ ಕಂಬದಂಥ ಕಲ್ಲುಗಳನ್ನು ಅಲೆ ಕೆತ್ತಿದ್ದು ಎನ್ನುತ್ತಾರೆ. ಕೆತ್ತಿದ್ದು ಬೆಂಕಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬಿಟ್ಟುಹೋಗುವ ಹೊತ್ತಿನ ಲಾವಾ ಅದು. ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಬಿರುಕು ಬಿಡುವ ಹಾಗೆ, ಆರುತ್ತ ಕುಗ್ಗಿ ಕಂಬಕಂಬವಾಗಿ ಸೀಳಿತು. ಸುಮಾರು 6.6 ಕೋಟಿ ವರ್ಷದ ದಖನ್ ಶಿಲೆಗಿಂತ ಇದು ಹಳೆಯದು. ಎಲ್ಲವೂ ಷಟ್ಕೋನ ಎಂಬ ಮಾತನ್ನೂ ಪರೀಕ್ಷಿಸಬಹುದು. ನಮ್ಮ ಭಾವನ ಮಗಳು ಬೋಟಿನವನು ಕೂಗುವವರೆಗೂ ಮೂಲೆ ಎಣಿಸುತ್ತಿದ್ದಳು: ಹೆಚ್ಚಿನವಕ್ಕೆ ಆರು, ಕೆಲವಕ್ಕೆ ಐದು, ಒಂದಕ್ಕೆ ಏಳು.