ಕೋಡಿನೊಳಗಿನ ಘಮಕ್ಕೆ ಬಾಟಲಿ ಸಿಕ್ಕ ಕತೆ

ಒಂದು ಲೀಟರ್ ವೋಡ್ಕಾಕ್ಕೆ ನೂರು ಗ್ರಾಂ ಒಣಗಿದ ವೆನಿಲ್ಲಾ ಕೋಡು. ಕೋಡನ್ನು ಉದ್ದಕ್ಕೆ ಸೀಳಿ ಗಾಜಿನ ಬಾಟಲಿಗೆ ಇಳಿಸಿ, ಪೂರ್ತಿ ಮುಳುಗುವಂತೆ ವೋಡ್ಕಾ ಸುರಿದು, ಬಿಸಿಲು ಬೀಳದ ಕಪಾಟಿನಲ್ಲಿ ಇಟ್ಟುಬಿಟ್ಟರೆ ಕೆಲಸ ಮುಗಿಯಿತು. ಒಲೆ ಹಚ್ಚುವುದು ಬೇಡ, ಅರೆಯುವುದು, ಕುದಿಸುವುದು ಬೇಡ. ಕೆಲವು ತಿಂಗಳಲ್ಲಿ ಬಾಟಲಿಯೊಳಗಿನ ದ್ರವ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಮುಚ್ಚಳ ತೆಗೆದರೆ ಇಡೀ ಅಡುಗೆಮನೆಗೆ ಹರಡುವ ವೆನಿಲ್ಲಾ ಸಾರ ಸಿದ್ಧವಾಗಿರುತ್ತದೆ.

ಇಷ್ಟು ಸರಳವಾದ ಈ ಕ್ರಮದ ಹಿಂದೆ ಮೆಕ್ಸಿಕೊದ ಕಾಡಿದೆ, ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪವಿದೆ, ಗುಲಾಮಗಿರಿಯಲ್ಲಿ ಹುಟ್ಟಿದ ಹುಡುಗನೊಬ್ಬನ ಬೆರಳಿದೆ, ಬಾಸ್ಟನ್ ನಗರದ ಔಷಧದಂಗಡಿಯೊಂದಿದೆ. ನಮ್ಮ ಮಲೆನಾಡು, ಕರಾವಳಿಯ ಅಡಿಕೆ ತೋಟಗಳೂ ಇವೆ. ಆ ತೋಟಗಳಲ್ಲಿ ವೆನಿಲ್ಲಾ ಬಂತು, ದುಡ್ಡು ತಂದಿತು, ನಷ್ಟವನ್ನೂ ತಂದಿತು. ಬೆಳೆದವರ ಅಡುಗೆಮನೆಗೆ ಮಾತ್ರ ಅದು ಕಾಲಿಡಲೇ ಇಲ್ಲ. ಈ ಕೊರಗೇ ನನ್ನಿಂದ ಈ ಲೇಖನ ಬರೆಸುತ್ತಿದೆ.

ವೆನಿಲ್ಲಾ ಆರ್ಕಿಡ್ ಕುಟುಂಬದ ಬಳ್ಳಿ. ಸಾವಿರಾರು ಬಗೆಯ ಆರ್ಕಿಡ್‌ಗಳಲ್ಲಿ ಜಗತ್ತು ಊಟಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಇದೊಂದನ್ನೇ. ಮೆಕ್ಸಿಕೊದ ಪೂರ್ವ ಕರಾವಳಿಯ ಪಪಾಂಟ್ಲಾ ಸುತ್ತಿನ ಟೊಟೊನಾಕ್ ಜನ ಇದರ ಕೋಡನ್ನು ಬಿಸಿಲಿಗೆ ಒಣಗಿಸಿ ಪರಿಮಳ ಹೊರಡಿಸುವ ವಿದ್ಯೆ ಬಲ್ಲವರಾಗಿದ್ದರು. ಅವರನ್ನು ಗೆದ್ದ ಅಜ್ಟೆಕ್ ಅರಸರು ಕೋಡುಗಳನ್ನು ಕಪ್ಪವಾಗಿ ಪಡೆದು ತಮ್ಮ ಕೊಕೊ ಪಾನೀಯಕ್ಕೆ ಬೆರೆಸುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೊವನ್ನು ವಶಪಡಿಸಿಕೊಂಡಾಗ ಕೊಕೊ ಜೊತೆಗೆ ವೆನಿಲ್ಲಾ ಕೂಡ ಯುರೋಪಿಗೆ ಹಡಗು ಹತ್ತಿತು. ಆಮೇಲೆ ಸುಮಾರು ಮುನ್ನೂರು ವರ್ಷ ಈ ವ್ಯಾಪಾರ ಮೆಕ್ಸಿಕೊದ ಕೈಯಲ್ಲೇ ಉಳಿಯಿತು. ಬಳ್ಳಿಯನ್ನು ಬೇರೆ ದೇಶಕ್ಕೆ ಒಯ್ದು ನೆಟ್ಟರೆ ಹುಲುಸಾಗಿ ಹಬ್ಬುತ್ತಿತ್ತು, ಹೂವೂ ಬಿಡುತ್ತಿತ್ತು. ಕೋಡು ಮಾತ್ರ ಕಟ್ಟುತ್ತಿರಲಿಲ್ಲ.

ಕಾರಣ ಹೂವಿನ ಒಳಗಿತ್ತು. ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ತೆಳ್ಳನೆಯ ಪರದೆಯಂಥ ಒಂದು ಪದರವಿದೆ. ಮೆಕ್ಸಿಕೊದ ಕಾಡಿನಲ್ಲಿ ಅಲ್ಲಿನ ಜೇನುಗಳು ಆ ಪದರವನ್ನು ದಾಟಿ ಪರಾಗ ಮುಟ್ಟಿಸುತ್ತವೆ. ಬೇರೆಡೆ ಆ ಜೇನುಗಳಿಲ್ಲ. ಹೂವಿನ ಆಯುಷ್ಯವೂ ಅಲ್ಪ. ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡತೊಡಗುತ್ತದೆ. ಅಷ್ಟರೊಳಗೆ ಪರಾಗಸ್ಪರ್ಶ ಆಗದಿದ್ದರೆ ಉದುರಿಹೋಗುತ್ತದೆ.

1836ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಮೊರೆನ್ ಗಾಜಿನ ಮನೆಯಲ್ಲಿ ಬೆಳೆದ ಬಳ್ಳಿಯ ಹೂಗಳಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಕೋಡು ಪಡೆದರು. ಅದು ಪ್ರಯೋಗಾಲಯದ ಯಶಸ್ಸು. ತೋಟದಲ್ಲಿ ದಿನಕ್ಕೆ ನೂರಾರು ಹೂವಿಗೆ ಮಾಡಬಹುದಾದ ದಾರಿ ತೋರಿಸಿದವನು ಬೇರೆ. ಆಫ್ರಿಕಾದ ಪೂರ್ವಕ್ಕೆ, ಮಡಗಾಸ್ಕರ್‌ನಿಂದಾಚೆ ಇರುವ ರಿಯೂನಿಯನ್ ದ್ವೀಪ ಆಗ ಬೂರ್ಬೋನ್ ಎಂಬ ಹೆಸರಿನ ಫ್ರೆಂಚ್ ವಸಾಹತಾಗಿತ್ತು. ಅಲ್ಲಿನ ಸೇಂಟ್ ಸುಝಾನ್ ಎಂಬಲ್ಲಿ ಫೆರಿಯೋಲ್ ಬೆಲಿಯೆ-ಬೋಮೊಂ ಎಂಬ ಜಮೀನುದಾರನ ತೋಟದಲ್ಲಿ ಎಡ್ಮಂಡ್ ಎಂಬ ಗುಲಾಮ ಬಾಲಕನಿದ್ದ. ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡವನು. ಒಡೆಯನಿಗೆ ಗಿಡಗಳ ಹುಚ್ಚು. ಬೆನ್ನ ಹಿಂದೆಯೇ ಓಡಾಡುತ್ತಿದ್ದ ಹುಡುಗನಿಗೆ ಕಲ್ಲಂಗಡಿ ಜಾತಿಯ ಬಳ್ಳಿಯಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸುವುದನ್ನು ಹೇಳಿಕೊಟ್ಟಿದ್ದ. 1841ರಲ್ಲಿ, ಹನ್ನೆರಡು ವರ್ಷದ ಎಡ್ಮಂಡ್ ಅದೇ ತರ್ಕವನ್ನು ವೆನಿಲ್ಲಾ ಹೂವಿಗೆ ಅನ್ವಯಿಸಿದ. ಸಣ್ಣ ಕಡ್ಡಿಯಿಂದ ನಡುವಿನ ಪದರವನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಹೆಣ್ಣು ಭಾಗಕ್ಕೆ ಒತ್ತಿದ. ವರ್ಷಗಟ್ಟಲೆ ಬಂಜೆಯಾಗಿದ್ದ ಬಳ್ಳಿಯಲ್ಲಿ ಕೋಡು ನೇತಾಡಿದ್ದನ್ನು ಕಂಡ ಒಡೆಯ ಮೊದಲು ನಂಬಲಿಲ್ಲ. ನಂಬಿದ ಮೇಲೆ ಹುಡುಗನನ್ನು ತೋಟದಿಂದ ತೋಟಕ್ಕೆ ಕಳುಹಿಸಿ ಉಳಿದವರಿಗೂ ಕಲಿಸುವಂತೆ ಮಾಡಿದ.

ಇಂದಿಗೂ ಮಡಗಾಸ್ಕರ್‌ನಲ್ಲಿ, ಇಂಡೊನೇಷ್ಯಾದಲ್ಲಿ, ಸಿರ್ಸಿಯಲ್ಲಿ, ಪುತ್ತೂರಿನಲ್ಲಿ ವೆನಿಲ್ಲಾಕ್ಕೆ ಪರಾಗಸ್ಪರ್ಶ ಆಗುವುದು ಈ ಹುಡುಗ ಕಂಡುಕೊಂಡ ಚಲನೆಯಿಂದಲೇ. ಸುಮಾರು ಎರಡು ಶತಮಾನ ಕಳೆದರೂ ಇದಕ್ಕಿಂತ ಉತ್ತಮ ಯಂತ್ರ ಬಂದಿಲ್ಲ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಎಡ್ಮಂಡ್‌ಗೆ ಸ್ವಾತಂತ್ರ್ಯವೂ ಆಲ್ಬಿಯಸ್ ಎಂಬ ಕುಲನಾಮವೂ ಸಿಕ್ಕವು. ಹಣ ಸಿಗಲಿಲ್ಲ. ಕಳ್ಳತನದ ಪ್ರಕರಣದಲ್ಲಿ ಜೈಲಿಗೂ ಹೋದ. ದ್ವೀಪಕ್ಕೆ ಅವನಿಂದಾದ ಉಪಕಾರವನ್ನು ನೆನಪಿಸಿ ಹಳೆಯ ಒಡೆಯ ಮೊರೆಯಿಟ್ಟ ಮೇಲೆ ಶಿಕ್ಷೆ ಕಡಿಮೆಯಾಯಿತು. ಆ ವಿಧಾನವನ್ನು ಕಲಿಸಿದ್ದೇ ತಾನು ಎಂದು ಫ್ರೆಂಚ್ ಸಸ್ಯಶಾಸ್ತ್ರಜ್ಞರೊಬ್ಬರು ಹಕ್ಕು ಸಾಧಿಸಲು ನೋಡಿದಾಗ ಲಿಖಿತವಾಗಿ ವಿರೋಧಿಸಿದವನೂ ಆ ಒಡೆಯನೇ. ದ್ವೀಪದ ಜಮೀನುದಾರರು ವೆನಿಲ್ಲಾದಿಂದ ಸಿರಿವಂತರಾಗುತ್ತಿದ್ದ ಕಾಲದಲ್ಲಿ, 1880ರಲ್ಲಿ, ಆಲ್ಬಿಯಸ್ ಬಡವನಾಗಿಯೇ ತೀರಿಕೊಂಡ. ಕೇಕಿನ ಅಂಗಡಿಯ ಗೋಡೆಯ ಮೇಲೆ ಯಾರದಾದರೂ ಚಿತ್ರ ತೂಗುಹಾಕಬೇಕಿದ್ದರೆ ಅದು ಇವನದೇ ಆಗಬೇಕು.

ಪರಾಗಸ್ಪರ್ಶವಾದ ಎಂಟೊಂಬತ್ತು ತಿಂಗಳಿಗೆ ಕೋಡು ಬಲಿಯುತ್ತದೆ. ಆಗ ಅದು ಹಸಿರು ಬೀನ್ಸಿನಂತೆ ಕಾಣುತ್ತದೆ, ಮೂಗಿಗೆ ಹಿಡಿದರೆ ಘಮವೇನೂ ಇರುವುದಿಲ್ಲ. ಪರಿಮಳದ ಮುಖ್ಯ ಅಂಶವಾದ ವೆನಿಲಿನ್ ಸಕ್ಕರೆಯ ಅಣುವಿಗೆ ಅಂಟಿಕೊಂಡು ಸುಪ್ತವಾಗಿರುತ್ತದೆ. ಅದನ್ನು ಬಿಡಿಸುವುದೇ ಸಂಸ್ಕರಣೆ. ಕೋಡುಗಳನ್ನು ಸುಮಾರು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೆಲವೇ ನಿಮಿಷ ಅದ್ದುತ್ತಾರೆ. ಜೀವಕೋಶಗಳು ಸತ್ತು, ಕೋಡಿನದೇ ಕಿಣ್ವಗಳು ಕೆಲಸಕ್ಕೆ ತೊಡಗುತ್ತವೆ. ಬಿಸಿ ಆರದಂತೆ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬೆವರಿಸುತ್ತಾರೆ. ಮರುದಿನದಿಂದ ದಿನಕ್ಕೆ ಕೆಲವು ತಾಸು ಬಿಸಿಲು, ಉಳಿದ ಹೊತ್ತು ಮತ್ತೆ ಕಂಬಳಿ. ಹೀಗೆ ವಾರಗಳು. ನಂತರ ನೆರಳಿನಲ್ಲಿ ಒಣಗಿಸಿ, ಕಟ್ಟು ಕಟ್ಟಿ, ಮುಚ್ಚಿದ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಹದಕ್ಕೆ ಬಿಡುತ್ತಾರೆ. ಐದಾರು ಕಿಲೋ ಹಸಿ ಕೋಡು ಕೊನೆಗೆ ಒಂದು ಕಿಲೋ ಆಗುತ್ತದೆ. ಕಪ್ಪುಗಂದು ಬಣ್ಣ, ಎಣ್ಣೆ ಸವರಿದ ಹೊಳಪು, ಬೆರಳಿಗೆ ಸುತ್ತಿದರೂ ಮುರಿಯದ ಮೆದುತನ ಬಂದಿರಬೇಕು.

ಈ ಕೋಡು ಬಾಟಲಿಗೆ ಇಳಿದದ್ದು ತಡವಾಗಿ. ಹಿಂದಿನ ಅಡುಗೆಯವರು ಕೋಡನ್ನೇ ಹಾಲಿನಲ್ಲಿ, ಕೆನೆಯಲ್ಲಿ ಕುದಿಸುತ್ತಿದ್ದರು. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಕೈಬರಹದ ಐಸ್‌ಕ್ರೀಂ ವಿಧಾನ ಇಂದಿಗೂ ಉಳಿದಿದೆ. ಅದರಲ್ಲಿ ಬಳಸುವುದು ವೆನಿಲ್ಲಾ ಕಡ್ಡಿಯನ್ನು. 1791ರಲ್ಲಿ ಫಿಲಡೆಲ್ಫಿಯಾದಲ್ಲಿ ಕೋಡು ಸಿಗದೆ ಅವರು ಪ್ಯಾರಿಸ್‌ನಲ್ಲಿದ್ದ ತಮ್ಮ ಪ್ರತಿನಿಧಿಗೆ ಪತ್ರ ಬರೆದು ಐವತ್ತು ಕೋಡು ಕಳುಹಿಸುವಂತೆ ಕೇಳಿದರು. ಪ್ರತಿ ಸಲವೂ ಕೋಡು ಬೇಕು, ಕುದಿಸಬೇಕು, ಸೋಸಬೇಕು ಎಂದರೆ ಅದು ಸಿರಿವಂತರ ಮನೆಗಷ್ಟೇ ಸಾಧ್ಯವಿದ್ದ ಮಾತು.

ಆ ಕಟ್ಟು ಒಡೆದದ್ದು ಔಷಧ ವ್ಯಾಪಾರಿ. ಬಾಸ್ಟನ್ನಿನ ಜೋಸೆಫ್ ಬರ್ನೆಟ್ 1847ರಲ್ಲಿ ಕೋಡನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರವನ್ನು ಮಾರಾಟಕ್ಕಿಟ್ಟರು. ಅರಿವಳಿಕೆಯ ಚರಿತ್ರೆಯಲ್ಲಿ ಹೆಸರಾದ ದಂತವೈದ್ಯ ವಿಲಿಯಂ ಮಾರ್ಟನ್‌ಗೆ ಈಥರ್ ಒದಗಿಸಿದ ಅಂಗಡಿಯೂ ಇವರದೇ. ಬೇರು, ತೊಗಟೆ, ಬೀಜಗಳನ್ನು ಮದ್ಯಸಾರದಲ್ಲಿ ನೆನೆಸಿ ಸತ್ವ ಇಳಿಸುವುದು ಔಷಧದಂಗಡಿಗಳ ದಿನನಿತ್ಯದ ಕೆಲಸ. ಅದೇ ಕ್ರಮ ಅಡುಗೆಯ ಪರಿಮಳಕ್ಕೂ ಒದಗಿತು. ವೆನಿಲಿನ್ ತಣ್ಣೀರಿನಲ್ಲಿ ಸ್ವಲ್ಪವೇ ಕರಗುತ್ತದೆ, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಕೋಡಿನಲ್ಲಿರುವ ಇತರ ನೂರಾರು ಸುವಾಸನೆಯ ಅಂಶಗಳಲ್ಲಿ ಕೆಲವು ನೀರಿಗೆ, ಕೆಲವು ಮದ್ಯಸಾರಕ್ಕೆ ಒಲಿಯುತ್ತವೆ. ನೀರೂ ಮದ್ಯಸಾರವೂ ಕೂಡಿರುವ ದ್ರವ ಎರಡನ್ನೂ ಸೆಳೆಯುತ್ತದೆ, ಸಾರ ಕೆಡದಂತೆಯೂ ಕಾಯುತ್ತದೆ.

ಅಮೆರಿಕದ ಆಹಾರ ಕಾಯ್ದೆ ಈ ಸಾರಕ್ಕೊಂದು ಅಳತೆ ಗೊತ್ತುಮಾಡಿದೆ. ಒಂದು ಗ್ಯಾಲನ್‌ಗೆ 13.35 ಔನ್ಸ್ ಕೋಡು, ಶೇ 35ಕ್ಕೆ ಕಡಿಮೆಯಿಲ್ಲದ ಮದ್ಯಸಾರ. ನಮ್ಮ ಲೆಕ್ಕಕ್ಕೆ ತಂದರೆ ಲೀಟರ್‌ಗೆ ನೂರು ಗ್ರಾಂ. ಮನೆಯಲ್ಲಿ ಮಾಡುವವರು ಹಿಡಿಯುವ ಪ್ರಮಾಣ ಬಂದದ್ದು ಇಲ್ಲಿಂದ.

ಹಾಗಾದರೆ ನಮ್ಮ ದಿನಸಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಪುಟ್ಟ ಎಸೆನ್ಸ್ ಬಾಟಲಿಯಲ್ಲಿ ಏನಿದೆ? ಬಹುಪಾಲು ಅದು ಕೃತಕ ವೆನಿಲಿನ್. 1858ರಲ್ಲಿ ಫ್ರಾನ್ಸಿನ ನಿಕೊಲಾ ಗೊಬ್ಲೆ ಕೋಡಿನಿಂದ ವೆನಿಲಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. 1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಟೀಮನ್ ಮತ್ತು ವಿಲ್ಹೆಲ್ಮ್ ಹಾರ್ಮನ್ ಸೂಚಿಪರ್ಣಿ ಮರಗಳ ರಸದಿಂದ ಅದೇ ಅಣುವನ್ನು ತಯಾರಿಸಿದರು. ಆಮೇಲೆ ಲವಂಗದ ಎಣ್ಣೆ, ಕಾಗದ ಕಾರ್ಖಾನೆಯ ತ್ಯಾಜ್ಯ, ಈಗ ಹೆಚ್ಚಾಗಿ ಪೆಟ್ರೋಲಿಯಂ ಮೂಲದ ರಾಸಾಯನಿಕ. ಅಣು ಒಂದೇ, ಆದ್ದರಿಂದ ಇದನ್ನು ವಿಷವೆಂದು ಹೆದರಿಸುವುದು ಸರಿಯಲ್ಲ. ಹೆಚ್ಚು ಉರಿಯಲ್ಲಿ ಬೇಯುವ ಬಿಸ್ಕತ್ತಿನಲ್ಲಿ ವ್ಯತ್ಯಾಸ ಹೇಳುವುದೂ ಕಷ್ಟ. ತಣ್ಣನೆಯ ಹಾಲು, ಕಸ್ಟರ್ಡ್, ಮನೆಯ ಐಸ್‌ಕ್ರೀಂಗೆ ಹಾಕಿ ನೋಡಿ. ಕೋಡಿನ ಸಾರದಲ್ಲಿ ಒಣದ್ರಾಕ್ಷಿಯ, ಮರದ, ಸ್ವಲ್ಪ ಹೊಗೆಯ ವಾಸನೆಗಳು ಒಂದರ ಹಿಂದೊಂದು ಬರುತ್ತವೆ. ಎಸೆನ್ಸಿನಲ್ಲಿ ಒಂದೇ ಸಿಹಿವಾಸನೆ ಮೂಗಿಗೆ ಬಡಿದು ನಿಲ್ಲುತ್ತದೆ.

ಇನ್ನು ನಮ್ಮ ತೋಟಗಳ ಸಂಗತಿ. ಜಗತ್ತಿನ ವೆನಿಲ್ಲಾದ ಬಹುಪಾಲು ಮಡಗಾಸ್ಕರ್‌ನ ಈಶಾನ್ಯ ಭಾಗದಿಂದ ಬರುತ್ತದೆ. 2000ದಲ್ಲಿ ಅಲ್ಲಿಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರತೊಡಗಿ, 2003ರ ಸುಮಾರಿಗೆ ಒಣಕೋಡಿನ ದರ ಕಿಲೋಗೆ ಐನೂರು ಡಾಲರ್ ಹತ್ತಿರ ಹೋಯಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕೃಷಿಕರು ಅಡಿಕೆ, ಕಾಫಿ ನಡುವೆ ಗ್ಲಿರಿಸಿಡಿಯಾ ಗೂಟ ನೆಟ್ಟು ಬಳ್ಳಿ ಹಬ್ಬಿಸಿದರು. ಬಳ್ಳಿಯ ತುಂಡು ಮೀಟರ್ ಲೆಕ್ಕದಲ್ಲಿ ಮಾರಾಟವಾಯಿತು. ಹಸಿ ಕೋಡಿನ ಬೆಲೆಯೇ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಕಳ್ಳರ ಕಾಟಕ್ಕೆ ರಾತ್ರಿ ತೋಟ ಕಾಯುವಂತಾಯಿತು. ಬೆಳಗ್ಗೆ ಬೇಗ ಎದ್ದು ಬಳ್ಳಿಯಿಂದ ಬಳ್ಳಿಗೆ ಕಡ್ಡಿ ಹಿಡಿದು ಸಾಗುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು, ಅವರ ಬೆರಳಿನ ಸೂಕ್ಷ್ಮವೇ ಫಸಲಿನ ಬಂಡವಾಳವಾಗಿತ್ತು.

ಆಮೇಲೆ ಮಡಗಾಸ್ಕರ್ ಚೇತರಿಸಿಕೊಂಡಿತು. ದುಬಾರಿ ಬೆಲೆಗೆ ಬೇಸತ್ತ ದೊಡ್ಡ ಕಂಪನಿಗಳು ಕೃತಕ ವೆನಿಲಿನ್‌ಗೆ ಹೊರಳಿದ್ದವು. 2005ರ ಹೊತ್ತಿಗೆ ಹಸಿ ಕೋಡು ನೂರು ರೂಪಾಯಿಗೂ ಕೇಳುವವರಿಲ್ಲದೆ ಬಿತ್ತು. ಬುಡ ಕೊಳೆಯುವ ರೋಗವೂ ಸೇರಿಕೊಂಡು ಅನೇಕರು ಬಳ್ಳಿ ಕಿತ್ತೆಸೆದರು. ಅದೇ ಹೊತ್ತಿಗೆ ನಮ್ಮ ಊರುಗಳ ಬೇಕರಿಗಳಲ್ಲಿ, ಐಸ್‌ಕ್ರೀಂ ಅಂಗಡಿಗಳಲ್ಲಿ ವೆನಿಲ್ಲಾ ಹೆಸರಿನಲ್ಲಿ ಎಸೆನ್ಸ್ ಧಾರಾಳವಾಗಿ ಖರ್ಚಾಗುತ್ತಿತ್ತು. ಏಲಕ್ಕಿ, ಕರಿಮೆಣಸಿನ ಬೆಲೆ ಬಿದ್ದರೂ ಸ್ವಂತ ಅಡುಗೆಮನೆಯಲ್ಲಿ, ಊರಿನ ಸಂತೆಯಲ್ಲಿ ಅವಕ್ಕೆ ಜಾಗ ಇದ್ದೇ ಇರುತ್ತದೆ. ವೆನಿಲ್ಲಾಕ್ಕೆ ಆ ಆಸರೆ ಇರಲಿಲ್ಲ. ಬೆಳೆಯುವುದನ್ನು ಕಲಿಸಿದವರು ಬಳಸುವುದನ್ನೂ ಅಷ್ಟೇ ಉತ್ಸಾಹದಿಂದ ಕಲಿಸಬೇಕಿತ್ತು. ಮನೆಮನೆಯಲ್ಲಿ ಒಂದೊಂದು ಬಾಟಲಿ ನೆನೆದಿದ್ದರೆ ಕುಸಿತ ತಪ್ಪುತ್ತಿತ್ತು ಎನ್ನಲಾರೆ. ಕೋಡು ಪೆಟ್ಟಿಗೆಯಲ್ಲೇ ಹಾಳಾಗುವ ಗತಿಯಂತೂ ಬರುತ್ತಿರಲಿಲ್ಲ.

2017ರ ಮತ್ತೊಂದು ಚಂಡಮಾರುತದ ನಂತರ ಬೆಲೆ ಇನ್ನೊಮ್ಮೆ ಆಕಾಶಕ್ಕೇರಿ, ಮತ್ತೆ ಇಳಿದಿದೆ. ಇಷ್ಟೆಲ್ಲದರ ನಡುವೆಯೂ ಬಳ್ಳಿ ಉಳಿಸಿಕೊಂಡವರು, ಹೊಸದಾಗಿ ನೆಟ್ಟವರು ಮಲೆನಾಡಿನಲ್ಲಿದ್ದಾರೆ. ಮನೆಯಲ್ಲಿ ಸಾರ ಮಾಡಿಕೊಳ್ಳಬೇಕೆನ್ನುವವರು ಅವರನ್ನು ಹುಡುಕಬೇಕು. ನೋಡಲು ಚೆಂದದ, ಉದ್ದನೆಯ ಮೊದಲ ದರ್ಜೆಯ ಕೋಡೇ ಬೇಕೆಂದಿಲ್ಲ. ತುದಿ ಸೀಳಿದ, ಗಿಡ್ಡನೆಯ, ತುಸು ಒಣಕಲು ಕೋಡು ಕಡಿಮೆ ಬೆಲೆಗೆ ಸಿಗುತ್ತದೆ, ಸಾರಕ್ಕೆ ಅದೇ ಉತ್ತಮ. ಬೂಷ್ಟು ಕಂಡರೆ ಮಾತ್ರ ಬೇಡ.

ಕಾಲು ಲೀಟರ್ ಬಾಟಲಿಗೆ 25 ಗ್ರಾಂ ಹಾಕಿ, ಎಂಟು ಹತ್ತು ಕೋಡು ಬರಬಹುದು. ನಮ್ಮಲ್ಲಿ ಮಾರಾಟವಾಗುವ ವೋಡ್ಕಾ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8 ಮದ್ಯಸಾರವಿರುತ್ತದೆ, ಅಷ್ಟು ಸಾಕು. ವೋಡ್ಕಾ ಹಾಕಿದರೆ ಕೋಡಿನ ಪರಿಮಳವೇ ಮುಂದೆ ಬರುತ್ತದೆ, ರಮ್ ತನ್ನ ರುಚಿಯನ್ನೂ ಸೇರಿಸುತ್ತದೆ. ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ ಮುಂತಾದವನ್ನು ಯಾವ ಕಾರಣಕ್ಕೂ ಬಳಸಬಾರದು, ಅವು ಪ್ರಾಣಕ್ಕೇ ಅಪಾಯ. ಬೇಗ ಆಗಲೆಂದು ಬಾಟಲಿಯನ್ನು ಒಲೆಯ ಮೇಲೆ ಬಿಸಿ ಮಾಡಲೂಬಾರದು, ಮದ್ಯಸಾರಕ್ಕೆ ಬೆಂಕಿ ತಗಲೀತು. ವಾರಕ್ಕೊಮ್ಮೆ ಕುಲುಕಿ, ಕೋಡು ದ್ರವದಿಂದ ಮೇಲೆ ಇಣುಕದಂತೆ ನೋಡಿಕೊಳ್ಳಿ. ಎರಡು ತಿಂಗಳಿಗೆ ಬಳಸಬಹುದು, ಆರು ತಿಂಗಳಿಗೆ ಚೆನ್ನ, ವರ್ಷಕ್ಕೆ ಇನ್ನೂ ಚೆನ್ನ. ಮನೆಗೆ ಮದ್ಯ ತರುವ ಪದ್ಧತಿ ಇಲ್ಲದವರು ಆಹಾರಕ್ಕೆ ಬಳಸುವ ಗ್ಲಿಸರಿನ್ ಮೂರು ಪಾಲು, ಕುದಿಸಿ ಆರಿಸಿದ ನೀರು ಒಂದು ಪಾಲು ಬೆರೆಸಿ ಅದರಲ್ಲಿ ನೆನೆಸಬಹುದು. ಸಾರ ತುಸು ಸಪ್ಪೆ, ಬಾಳಿಕೆಯೂ ಕಡಿಮೆ, ಆದರೂ ಅಸಲಿ. ಇದೂ ಬೇಡವೆಂದರೆ ಸೀಳಿದ ಕೋಡನ್ನು ಸಕ್ಕರೆ ಡಬ್ಬಿಯಲ್ಲಿ ಹುಗಿದಿಡಿ, ಎರಡು ಮೂರು ವಾರದಲ್ಲಿ ಇಡೀ ಡಬ್ಬಿ ಘಮಘಮಿಸುತ್ತದೆ.

ಒಲೆಯ ಮೇಲೆ ಮಾಡುವ ಅಡುಗೆಗಾದರೆ, ಇಳಿಸಿ ತುಸು ಆರಿದ ಮೇಲೆ ಸಾರ ಹಾಕಿ, ಕುದಿಯುವಾಗ ಹಾಕಿದರೆ ಪರಿಮಳ ಆವಿಯಾಗಿ ಹೋಗುತ್ತದೆ. ಬಾಟಲಿಯ ಮೇಲೆ ನೆನೆಸಿದ ತಾರೀಖನ್ನು ಬರೆಯಿರಿ. ಜೊತೆಗೆ ಕೋಡು ಕೊಟ್ಟ ತೋಟದವರ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಿ, ಮುಂದಿನ ವರ್ಷದ ಫಸಲಿಗೆ ಗಿರಾಕಿ ಇದ್ದಾರೆಂದು ಅವರಿಗೆ ಮೊದಲೇ ತಿಳಿದಿರಲಿ.