ಟರ್ಬೊ ಯಂತ್ರಕ್ಕೆ ನೀರಿನ ತಂಪು ಬೇಕೆ?

ಏಪ್ರಿಲ್ ತಿಂಗಳ ನಡುಹಗಲು. ಚಳ್ಳಕೆರೆಯಿಂದ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದು, ತಳಕು, ಬಿ.ಜಿ. ಕೆರೆಗಳನ್ನು ದಾಟಿ, ಹಾನಗಲ್ಲಿನ ಬಳಿ ತಿರುಗಿ ಮೊಳಕಾಲ್ಮೂರನ್ನು ಸೇರುವ ಒಂದು ಮೋಟಾರು ಕಾರನ್ನು ನಾವು ಊಹಿಸಿಕೊಳ್ಳೋಣ. ಎದುರುಗಾಳಿ ಬೆಂಕಿಯಂತೆ ಬೀಸುತ್ತಿದೆ. ಕಾರಿನೊಳಗೆ ಐದು ಮಂದಿ, ಮೇಲೆ ಅವರ ಸಾಮಾನು. ಚಾಲಕನು ವೇಗವನ್ನು ತಗ್ಗಿಸದೆ ಬಂದು ಹೋಟೆಲಿನ ಮುಂದೆ ಗಾಡಿಯನ್ನು ನಿಲ್ಲಿಸಿ, ಆ ಕ್ಷಣವೇ ಎಂಜಿನ್ನನ್ನು ಆರಿಸಿ, ಚಹಾ ಕುಡಿಯಲು ಇಳಿದುಹೋಗುತ್ತಾನೆ. ಗಾಡಿಗೆ ವಿಶ್ರಾಂತಿ ದೊರೆಯಿತೆಂದು ಅವನ ಭಾವನೆ. ಆದರೆ ಅದರ ಒಂದು ಭಾಗಕ್ಕೆ ಅತ್ಯಂತ ಕಠಿಣವಾದ ಗಳಿಗೆ ಆರಂಭವಾಗುವುದೇ ಆಗ. ಆ ಭಾಗವೇ ಟರ್ಬೊಚಾರ್ಜರ್.

ಎಂಜಿನ್ನಿನಲ್ಲಿ ಉರಿದು ಹೊರಬೀಳುವ ಬಿಸಿ ಅನಿಲದಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ವ್ಯರ್ಥವಾಗಿ ಬಿಡದೆ ಒಂದು ಸಣ್ಣ ಚಕ್ರವನ್ನು ತಿರುಗಿಸಲು ಬಳಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ, ಅಷ್ಟೇ ಗಾತ್ರದ ಎಂಜಿನ್ನು ಹೆಚ್ಚು ಇಂಧನವನ್ನು ಉರಿಸಿ ಹೆಚ್ಚು ಬಲವನ್ನು ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಸಾಮಾನ್ಯ ಜನರು ಕೊಳ್ಳುವ ಕಾರುಗಳಿಗೆ ಇದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ.

ಈ ಎರಡು ಚಕ್ರಗಳ ನಡುವಣ ಅಂತರ ಒಂದು ಗೇಣಿಗಿಂತ ಹೆಚ್ಚಿಲ್ಲ. ಒಂದು ಕಡೆ, ಡೀಸೆಲ್ ಕಾರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ಸಿನ, ಪೆಟ್ರೋಲ್ ಕಾರಿನಲ್ಲಿ 950 ಡಿಗ್ರಿಯವರೆಗಿನ ಅನಿಲ. ಇನ್ನೊಂದು ಕಡೆ ಕೈಸುಡುವಷ್ಟು ಮಾತ್ರ ಬಿಸಿಯಾದ ಗಾಳಿ. ನಡುವೆ ಪೆನ್ಸಿಲಿನಷ್ಟು ದಪ್ಪದ ಅಚ್ಚು. ಅದು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 1,600ಕ್ಕೂ ಹೆಚ್ಚು. ಇಂತಹ ಅಚ್ಚು ಲೋಹದ ಮೇಲೆ ಲೋಹ ತಾಗಿದರೆ ಉಳಿಯುವುದುಂಟೆ? ಅದು ಬೇರಿಂಗಿನೊಳಗೆ ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುತ್ತದೆ. ಆ ಎಣ್ಣೆ ಅಚ್ಚನ್ನು ಹೊರುವುದಲ್ಲದೆ, ಬಿಸಿಯನ್ನೂ ಹೊತ್ತುಕೊಂಡು ಹೊರಗೆ ಹರಿದುಹೋಗುತ್ತದೆ. ಎಂಜಿನ್ನು ಓಡುತ್ತಿರುವಷ್ಟು ಹೊತ್ತು ಈ ಏರ್ಪಾಡಿನಲ್ಲಿ ಕೊರತೆಯಿಲ್ಲ.

ಎಂಜಿನ್ನು ನಿಂತೊಡನೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಆದರೆ ಕೆಂಪಗೆ ಕಾದ ಕಬ್ಬಿಣದ ಶಾಖ ಎಲ್ಲಿ ಹೋಗಬೇಕು? ಒಂದು ಲೆಕ್ಕ ಮಾಡಿ ನೋಡೋಣ. ಬಿಸಿ ಅನಿಲ ಹಾಯುವ ಎರಕದ ಕಬ್ಬಿಣದ ಭಾಗಗಳು 5 ಕಿಲೋಗ್ರಾಂ ಇವೆಯೆಂದೂ, ಅವು 600 ಡಿಗ್ರಿಯಿಂದ 100 ಡಿಗ್ರಿಗೆ ಇಳಿಯುತ್ತವೆಂದೂ ಭಾವಿಸೋಣ. ಕಬ್ಬಿಣದ ವಿಶಿಷ್ಟ ಶಾಖವನ್ನು 0.5 ಕಿಲೋಜೂಲ್ ಎಂದು ಹಿಡಿದರೆ, ಬಿಡುಗಡೆಯಾಗುವುದು 1,250 ಕಿಲೋಜೂಲ್ ಶಾಖ. 30 ಡಿಗ್ರಿಯ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಇದರಲ್ಲಿ ಬಹುಪಾಲು ಗಾಳಿಗೆ ಹೋಗುವುದು ನಿಜ. ಉಳಿದದ್ದು ಅಚ್ಚಿನ ಮೂಲಕ, ಗೋಡೆಯ ಮೂಲಕ ಬೇರಿಂಗಿನ ಕಡೆಗೆ ಸಾಗುತ್ತದೆ. ಆದುದರಿಂದಲೇ ಬೇರಿಂಗಿನ ಬಿಸಿ ಗರಿಷ್ಠ ಮಟ್ಟವನ್ನು ಮುಟ್ಟುವುದು ಓಡುವಾಗ ಅಲ್ಲ, ನಿಂತ ಕೆಲವು ನಿಮಿಷಗಳ ಮೇಲೆ.

ಅಲ್ಲಿ ಹರಿಯದೆ ಉಳಿದ ತೊಟ್ಟು ಎಣ್ಣೆಯ ಗತಿ ಏನಾಗುವುದೆಂಬುದನ್ನು ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಹೇಳಬೇಕಾಗಿಲ್ಲ. ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆಯನ್ನು ಮರೆತು ಕಾಯಲು ಬಿಟ್ಟರೆ ಅಂಚಿನಲ್ಲಿ ಕಪ್ಪಗೆ ಕಟ್ಟುವ ಕಿಟ್ಟವನ್ನು ಎಲ್ಲರೂ ತಿಕ್ಕಿ ಬೇಸತ್ತವರೇ. ಎಂಜಿನ್ ಎಣ್ಣೆ ಬೇರೆ ಜಾತಿಯದು, ಹೆಚ್ಚು ಬಿಸಿಯನ್ನು ತಡೆಯುತ್ತದೆ. ಆದರೂ ಅತಿಯಾಗಿ ಬೆಂದರೆ ಅದೂ ಇದ್ದಿಲಾಗುತ್ತದೆ. ಒಂದು ದಿನದಲ್ಲಿ ಏನೂ ಕಾಣದು. ದಿನದಿನವೂ ಇದೇ ನಡೆದರೆ ಎಣ್ಣೆಯ ಸಣ್ಣ ದಾರಿಗಳು ಕಟ್ಟಿಕೊಂಡು, ಒಂದು ದಿನ ಅಚ್ಚು ಒಣಗಿ ಸವೆಯುತ್ತದೆ.

ಇದಕ್ಕೆ ಪರಿಹಾರವಾಗಿ 1980ರ ದಶಕದಲ್ಲಿ ಕಾರುಗಳ ಟರ್ಬೊಗಳಿಗೆ ನೀರಿನ ಕವಚ ಬಳಕೆಗೆ ಬಂದಿತು. ಬೇರಿಂಗಿನ ಸುತ್ತಲಿನ ಗೋಡೆಯೊಳಗೆ ಟೊಳ್ಳು ಬಿಟ್ಟು, ರೇಡಿಯೇಟರಿನ ನೀರನ್ನು ಅದರಲ್ಲಿ ಹಾಯಿಸುತ್ತಾರೆ. ಸಮತೂಕದ ಎಣ್ಣೆಗಿಂತ ನೀರು ಸುಮಾರು ಎರಡರಷ್ಟು ಶಾಖವನ್ನು ಹೀರುತ್ತದೆ. ಆದರೆ ಅದರ ನಿಜವಾದ ಹಿರಿಮೆ ಬೇರೆಯದು. ಪಂಪು ನಿಂತ ಮೇಲೂ ನೀರು ತಾನಾಗಿ ಚಲಿಸಬಲ್ಲುದು! ಕವಚದಲ್ಲಿ ಕಾದ ನೀರು ಹಗುರಾಗಿ ಮೇಲಕ್ಕೇರುತ್ತದೆ. ಕೆಳಗಿನಿಂದ ತಣ್ಣನೆಯದು ಅದರ ಜಾಗಕ್ಕೆ ಬರುತ್ತದೆ. ಒಂದು ಕಾಲದಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರುಗಳ ಇಡೀ ಎಂಜಿನ್ನೇ ಹೀಗೆ ಪಂಪಿಲ್ಲದೆ ತಂಪಾಗುತ್ತಿತ್ತು. ಆದರೆ ಒಂದು ನಿಬಂಧನೆಯುಂಟು: ಟರ್ಬೊದಿಂದ ಹೊರಡುವ ಕೊಳವೆ ಎಲ್ಲಿಯೂ ತಗ್ಗದೆ ಮೇಲ್ಮುಖವಾಗಿಯೇ ಸಾಗಬೇಕು. ನಡುವೆ ಡೊಂಕಿದ್ದರೆ ಆವಿ ಅಲ್ಲಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ.

ಹಾಗಾದರೆ ಎಲ್ಲ ಟರ್ಬೊಗಳಿಗೂ ನೀರು ಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಪೆಟ್ರೋಲ್ ಕಾರಿಗೆ ಅದು ಬಹುಮಟ್ಟಿಗೆ ಅನಿವಾರ್ಯ. ಡೀಸೆಲ್ ಎಂಜಿನ್ನು ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ಸೇವಿಸುವುದರಿಂದ ಅದರ ಹೊಗೆ ಅಷ್ಟು ಬಿಸಿಯಲ್ಲ; ಅನೇಕ ಡೀಸೆಲ್ ಕಾರುಗಳ, ಲಾರಿಗಳ ಟರ್ಬೊಗಳು ಎಣ್ಣೆಯೊಂದರಿಂದಲೇ ಲಕ್ಷಾಂತರ ಕಿಲೋಮೀಟರ್ ಬಾಳುತ್ತವೆ. ಅಂತಹ ಗಾಡಿಗೆ ಹೊಸದಾಗಿ ನೀರಿನ ಕೊಳವೆ ಜೋಡಿಸಹೊರಡುವುದು ಸೋರುವ ಕೀಲುಗಳನ್ನು ಹೆಚ್ಚಿಸಿಕೊಂಡಂತೆ. ನಿಲ್ಲಿಸುವ ಮುಂಚೆ ಕೊನೆಯ ಒಂದು ಕಿಲೋಮೀಟರನ್ನು ಮೆಲ್ಲಗೆ ನಡೆಸಿ, ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರೆ ಕೆಲಸ ಮುಗಿಯಿತು. ನೀರಿನ ಕವಚದಿಂದ ಕಾರಿನ ಬಲ ಹೆಚ್ಚುವುದೆಂಬ ನಂಬಿಕೆಯೂ ಕೆಲವರಲ್ಲಿದೆ. ಅದು ತಪ್ಪು. ಒತ್ತಿದ ಗಾಳಿಯನ್ನು ತಂಪುಮಾಡಿ ಬಲವನ್ನು ಹೆಚ್ಚಿಸುವುದು ಇಂಟರ್‌ಕೂಲರ್ ಎಂಬ ಬೇರೊಂದು ಸಾಧನ.

ಈ ಸೀಮೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು; ಇಲ್ಲಿಯೂ ಮೊಳಕಾಲ್ಮೂರಿನಲ್ಲಿಯೂ ಕೊಳವೆ ಬಾವಿಯ ನೀರು ಬಹಳ ಕಡೆ ಗಡಸು. ದಾರಿಯಲ್ಲಿ ರೇಡಿಯೇಟರು ಬರಿದಾದರೆ ಸಿಕ್ಕಿದ ಕೊಡದಿಂದ ತುಂಬಿಬಿಡುವುದು ರೂಢಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಆಗ ಟರ್ಬೊದ ಇಕ್ಕಟ್ಟಾದ ಕವಚದಲ್ಲಿಯೂ ಕಟ್ಟುತ್ತದೆ. ಅದೂ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿಯೇ. ಆ ಪದರ ಶಾಖವನ್ನು ಸಾಗಿಸುವುದು ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ. ನೀರಿದ್ದೂ ತಂಪಿಲ್ಲದಂತಾಗುತ್ತದೆ. ಬಟ್ಟಿಯಿಳಿಸಿದ ನೀರಿಗೆ ತಯಾರಕರು ಸೂಚಿಸಿದ ಕೂಲೆಂಟನ್ನು ಬೆರೆಸಿದ ಒಂದು ಡಬ್ಬಿಯನ್ನು ಗಾಡಿಯಲ್ಲಿಟ್ಟುಕೊಂಡರೆ ಈ ತೊಂದರೆಯಿಲ್ಲ. ತೀರ ಅನಿವಾರ್ಯವಾಗಿ ಬಾವಿಯ ನೀರನ್ನೇ ತುಂಬಿದ್ದರೆ ಊರು ಸೇರಿದ ಮೇಲೆ ಅದನ್ನು ಬಸಿದು ತೆಗೆಸಬೇಕು.

ಇತ್ತೀಚಿನ ಕೆಲವು ಪೆಟ್ರೋಲ್ ಕಾರುಗಳಲ್ಲಿ ಈ ನೀರಿಗೆ ವಿದ್ಯುತ್ತಿನಿಂದ ನಡೆಯುವ ಪ್ರತ್ಯೇಕ ಪಂಪು ಇರುತ್ತದೆ. ಬಿಸಿಲಿನಲ್ಲಿ ದೂರದಿಂದ ಬಂದು ಎಂಜಿನ್ನನ್ನು ಆರಿಸಿ ಇಳಿದ ಮೇಲೂ ಮುಂಭಾಗದಿಂದ ಕೆಲವು ನಿಮಿಷ ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳಿಬರುವುದು ಅದರದೇ. ಯಾವುದೋ ದೋಷವೆಂದು ಹೆದರಿ ಬ್ಯಾಟರಿಯ ತಂತಿಯನ್ನು ಕಳಚುವವರೂ ಇದ್ದಾರೆ.